ಕುಮ್ಮಕ್ಕು ಕೊಟ್ಟವರ ಬೀದಿ

ಬೀಗ ಹಾಕಿದ ಮನೆಯ ಮುಂದೆಯೂ ದಿನಾ ರಂಗೋಲಿ ಇರಬೇಕು ಎಂಬುದು ನನ್ನ ಸಿದ್ಧಾಂತ. ಯಲಹಂಕದ ನಮ್ಮ ಹಳೆಯ ಬಡಾವಣೆಯಲ್ಲಿ ಇದನ್ನು ಜಾರಿಗೆ ತಂದವನೂ ನಾನೇ. ಕಳ್ಳ ಮೊದಲು ನೋಡುವುದು ಬೀಗವನ್ನಲ್ಲ, ಬಾಗಿಲ ಮುಂದಿನ ನೆಲವನ್ನು. ನೀರು ಬಿದ್ದಿಲ್ಲ, ಗೆರೆ ಎಳೆದಿಲ್ಲ ಅಂದರೆ ಮನೆಯವರು ಊರಲ್ಲಿಲ್ಲ ಎಂದು ಅವನಿಗೆ ಗೊತ್ತಾಗುತ್ತದೆ. ಆದ್ದರಿಂದ ನಮ್ಮ ಬೀದಿಯಲ್ಲಿ ಯಾರೇ ಊರಿಗೆ ಹೊರಟರೂ ನನಗೆ ಹೇಳಿ ಹೋಗುತ್ತಿದ್ದರು, ನಾನು ಮುನಿಯಮ್ಮನಿಗೆ ಹೇಳುತ್ತಿದ್ದೆ. ಮುನಿಯಮ್ಮ ಬಾಗಲೂರಿನ ಕಡೆಯಿಂದ ಮೊದಲ ಬಸ್ಸಿಗೆ ಬಂದು ಬೀದಿಯ ಅರ್ಧ ಮನೆಗಳ ಕೆಲಸ ಮಾಡುತ್ತಿದ್ದವಳು. ಬೀಗದ ಮನೆಯ ಮುಂದೆಯೂ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದು, ಅಲ್ಲಿ ಬಿದ್ದ ಪೇಪರನ್ನು ನನಗೆ ತಂದೊಪ್ಪಿಸುವಳು. ಈ ವ್ಯವಸ್ಥೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು ಎನ್ನಿ.

ಹೋದ ತಿಂಗಳು ಎದುರು ಮನೆಯ ಶ್ರೀಕಂಠ ದಂಪತಿ ಕಾಶಿಗೆ ಹೋಗಿ ಬಂದರು. ಮುಂಬಾಗಿಲ ಬೀಗ ಹಾಗೇ ಇತ್ತು, ರಂಗೋಲಿ ಆ ಬೆಳಗಿನದೇ. ಒಳಗೆ ಬೀರು ಮಾತ್ರ ಖಾಲಿ. ಹಿಂದಿನ ಓಣಿಯಿಂದ ಬಚ್ಚಲುಮನೆಯ ಕಿಟಕಿ ಕಿತ್ತು ನುಗ್ಗಿದ್ದರು. ಅದೂ ಅವರು ಹೊರಟ ಮೊದಲ ದಿನಗಳಲ್ಲೇ ಆಗಿರಬೇಕು ಎಂದು ಪೊಲೀಸರ ಅಂದಾಜು. ನಮಗ್ಯಾರಿಗೂ ಅನುಮಾನ ಬಂದಿರಲಿಲ್ಲ. ಬರುವುದಾದರೂ ಹೇಗೆ? ಮುಂದುಗಡೆ ಅಷ್ಟು ಲಕ್ಷಣವಾಗಿತ್ತು. ಕಳ್ಳರಿಗೆ ಹೆದರಿ ಹಾಕಿಸಿದ ರಂಗೋಲಿ ಕಳ್ಳತನವನ್ನೇ ಮುಚ್ಚಿಟ್ಟಿತ್ತು. ಬೀದಿಯ ಕ್ಯಾಮೆರಾದಲ್ಲಿ ದಿನವೂ ಆ ಮನೆಯ ಮುಂದೆ ಕಾಣುತ್ತಿದ್ದ ಮುಖ ಒಂದೇ, ಮುನಿಯಮ್ಮನದು. ಅವಳನ್ನು ವಿಚಾರಣೆಗೆಂದು ಠಾಣೆಗೆ ಕರೆಸಿದರು.

ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದೆಯೇ ಹೋದೆ. ಅಲ್ಲಿದ್ದ ಅಧಿಕಾರಿ ತರುಣ, ಮರ್ಯಾದಸ್ಥ.

"ಬೀಗ ಹಾಕಿರೋ ಮನೆ ಮುಂದೆ ರಂಗೋಲಿ ಯಾಕ್ ಸಾರ್? ಒಳಗಡೆ ಕಳ್ಳತನ ಆಗಿದೆ, ಹೊರಗಡೆ ಈಯಮ್ಮ ಏನೂ ಆಗಿಲ್ಲ ಅನ್ನೋ ಥರ ತೋರಿಸ್ತಿದಾರೆ. ಇದಕ್ಕೆ ಕುಮ್ಮಕ್ಕು ಅಂತಾರೆ."

"ಹಾಕು ಅಂತ ಹೇಳಿದವನು ನಾನು," ಎಂದೆ.

"ನೀವಾ? ನೀವು ಹಿರಿಯರು ಬಿಡಿ ಸಾರ್."

ಮೂಲೆಯ ಬೆಂಚಿನಿಂದ ಮುನಿಯಮ್ಮ ದನಿ ಎತ್ತಿದಳು. "ಏಳಿ ಸಾ, ಅವ್ರಿಗೆ ಚೆನ್ನಾಗ್ ಏಳಿ. ನಾನ್ ಕಳ್ಳಿಯಾಗಿದ್ರೆ ದಿನಾ ಇಂಗೆ ಬಗ್ಗಿ ಸೊಂಟ ಮುರ್ಕೊಂತಿದ್ನಾ? ಒಂದೇ ಕಿತ ಬಂದು ಓಯ್ತಿದ್ದೆ!"

ಅಧಿಕಾರಿಗೂ ನಗು ಬಂತು. ಸಂಜೆಯೊಳಗೆ ಅವಳನ್ನು ಮನೆಗೆ ಕಳಿಸಿದರು.

ಕುಮ್ಮಕ್ಕು ಎಂಬ ಮಾತು ಮಾತ್ರ ನನ್ನ ತಲೆಯಲ್ಲೇ ಕೂತಿತು. ಯಲಹಂಕ ಕೆರೆಯ ಸುತ್ತ ನನ್ನ ಜೊತೆ ನಡೆಯುವ ವೆಂಕಟೇಶಯ್ಯನವರು ವಕೀಲಿಕೆ ಮಾಡಿ ಸುಸ್ತಾದವರು. ಅವರನ್ನು ಕೇಳಿದೆ.

"ಕುಮ್ಮಕ್ಕು ಮೂರು ಥರ ಕಣ್ರೀ. ಚುಚ್ಚಿಕೊಡೋದು, ಸಂಚಲ್ಲಿ ಸೇರೋದು, ಗೊತ್ತಿದ್ದೂ ನೆರವಾಗೋದು. ಉದ್ದೇಶ ಇರ್ಬೇಕು. ಇಲ್ದಿದ್ರೆ ಕಳ್ಳನಿಗೆ ಟಿಕೆಟ್ ಕೊಟ್ಟ ಕಂಡಕ್ಟರ್‌ನೂ ಒಳಗ್ ಹಾಕ್ಬೇಕಾಗುತ್ತೆ." ಹೊಸ ಕಾನೂನಿನಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯಂತೆ, ಅರ್ಥ ಬದಲಾಗಿಲ್ಲವಂತೆ.

ಈ ಪದ ನಮಗೆ ಪಾರಸಿ ಭಾಷೆಯ ದಾರಿಯಲ್ಲಿ ಬಂದದ್ದು. ಮೊದಲು ಅದಕ್ಕೆ ಕೆಟ್ಟ ಅರ್ಥವೇ ಇರಲಿಲ್ಲ. ಕಾದಾಡುತ್ತಿರುವ ದಂಡಿಗೆ ಹಿಂದಿನಿಂದ ಬರುವ ನೆರವು, ಅಷ್ಟೆ. ಕಾಡಾನೆ ಹಿಡಿಯಲು ಒಯ್ಯುವ ಪಳಗಿದ ಆನೆಗೆ ಕುಮ್ಕಿ ಎನ್ನುವುದೂ ಅದರಿಂದಲೇ. ಆ ಆನೆಗೆ ಏನು ಉದ್ದೇಶವಿರುತ್ತದೆ ಪಾಪ? ಹೊತ್ತಿಗೆ ಸರಿಯಾಗಿ ಏಳುತ್ತದೆ, ಬೆಲ್ಲ ತಿನ್ನುತ್ತದೆ, ನಿಲ್ಲು ಎಂದ ಕಡೆ ನಿಲ್ಲುತ್ತದೆ. ನನ್ನಂಥದೇ ಒಂದು ಶಿಸ್ತಿನ ಪ್ರಾಣಿ.

ಕಾನೂನು ಮುನಿಯಮ್ಮನನ್ನು ಬಿಟ್ಟಿತು, ಬೀದಿ ಬಿಡಲಿಲ್ಲ. ಯಾರೂ ಅವಳನ್ನು ಕಳ್ಳಿ ಎನ್ನಲಿಲ್ಲ. ಎಂದಿದ್ದರೆ ನಾನು ಜಗಳವನ್ನಾದರೂ ಆಡಬಹುದಿತ್ತು. "ನಮಗೇನ್ ಅನುಮಾನ ಇಲ್ಲ ಸಾರ್, ಸದ್ಯಕ್ಕೆ ಬೇಡ ಅಷ್ಟೆ," ಎಂದರು ಶ್ರೀಕಂಠ. ಮೂಲೆ ಮನೆಯವರು ನೆಲ ಒರೆಸುವ ಯಂತ್ರ ಕೊಂಡರು. ಪಕ್ಕದ ಮನೆಯ ಸೊಸೆಗೆ ಇದ್ದಕ್ಕಿದ್ದಂತೆ ವ್ಯಾಯಾಮದ ಅಗತ್ಯ ಕಂಡಿತು, ಪಾತ್ರೆ ತಾನೇ ತೊಳೆಯತೊಡಗಿದಳು. ನಾನು ಮನೆಮನೆಗೂ ಹೋಗಿ ರಂಗೋಲಿ ನನ್ನ ಯೋಜನೆ ಎಂದು ವಿವರಿಸಿದೆ. ಎಲ್ಲರೂ ಕಾಫಿ ಕೊಟ್ಟರು, ತಲೆಯಾಡಿಸಿದರು. ಮನೆಗಳು ಒಂದೊಂದಾಗಿ ಬಿಟ್ಟುಹೋಗಿ ಕೊನೆಗೆ ಅವಳಿಗೆ ಉಳಿದದ್ದು ನಮ್ಮ ಮನೆ ಮಾತ್ರ. ಒಂದೇ ಮನೆಯ ಸಂಬಳ ನಂಬಿಕೊಂಡು ಬಾಗಲೂರಿನಿಂದ ಯಾರು ಬಂದಾರು? ಆದರೂ ಅವಳು ಬಂದಳು.

ನನ್ನ ಹೆಂಡತಿ ಒಳ್ಳೆಯವಳು. ಮುನಿಯಮ್ಮನಿಗೆ ತಾನು ತಿನ್ನುವ ಮೊದಲೇ ತಿಂಡಿ ಕೊಡುತ್ತಿದ್ದವಳು. ಒಂದು ಬೆಳಿಗ್ಗೆ ಮುನಿಯಮ್ಮ ಮಲಗುವ ಕೋಣೆ ಗುಡಿಸುತ್ತಿದ್ದಾಗ ಇವಳು ಬಾಗಿಲಲ್ಲಿ ಟವೆಲ್ ಮಡಿಸುತ್ತ ನಿಂತಳು. ಟವೆಲ್ ಒಂದೇ. ಮಡಿಸಿದ್ದನ್ನೇ ಬಿಚ್ಚಿ ಮಡಿಸಿದಳು. ಕೋಣೆ ಗುಡಿಸಿ ಮುಗಿಯುವವರೆಗೂ ಅಲ್ಲೇ ಇದ್ದಳು. ಮುನಿಯಮ್ಮ ತಲೆ ಎತ್ತಿ ಒಮ್ಮೆ ಅವಳನ್ನು ನೋಡಿದಳು, ಒಮ್ಮೆ ನನ್ನನ್ನು.

ಮರುದಿನ ಬರಲಿಲ್ಲ. ಫೋನ್ ಮಾಡಿದೆ.

"ಬ್ಯಾಡ ಬುಡಿ ಸಾ. ಅಮ್ಮಾರು ದಿನಾ ಅಂಗೆ ಬಾಗಲಾಗೆ ನಿಂತ್ಕಂಡ್ರೆ ಕಾಲು ನೋಯ್ತದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕೆರೆಯ ದಂಡೆಯಲ್ಲಿ ವೆಂಕಟೇಶಯ್ಯನವರಿಗೆ ಇದನ್ನೂ ಹೇಳಿದೆ. ಇಡೀ ಬೀದಿ ಸೇರಿ ಒಬ್ಬಳ ಅನ್ನ ಕಿತ್ತುಕೊಂಡಿದ್ದೇವೆ, ಕುಮ್ಮಕ್ಕು ಕೊಟ್ಟವರೇ ಎಲ್ಲ, ಮುಖ್ಯ ಆರೋಪಿ ಎಂಬುವನೇ ಇಲ್ಲ, ಇದಕ್ಕೆ ಯಾವ ಕಲಮು ಎಂದು ಕೇಳಿದೆ.

"ಯಾವುದೂ ಇಲ್ಲ. ಕೆಲಸದಿಂದ ಬಿಡಿಸೋದು ಅಪರಾಧ ಅಲ್ವಲ್ಲ. ಅದಿರ್ಲಿ, ಮನೆಯವರು ಬಾಗಿಲಲ್ಲಿ ನಿಂತಾಗ ನೀವೇನ್ ಮಾಡ್ತಿದ್ರಿ?"

"ಕುರ್ಚಿಯಲ್ಲಿ ಕೂತು ಪೇಪರ್ ಓದ್ತಿದ್ದೆ."

"ಸುಮ್ನೆ ಕೂತಿದ್ರಿ ತಾನೆ? ಹಾಗಾದ್ರೆ ಯೋಚ್ನೆ ಬೇಡ," ಎಂದು ಅವರು ಪ್ರೀತಿಯಿಂದ ನನ್ನ ಬೆನ್ನು ತಟ್ಟಿದರು. "ಸುಮ್ನಿದ್ದದ್ದು ತಪ್ಪಾಗೋದು, ಮಾತಾಡೋ ಕರ್ತವ್ಯ ಇದ್ದವನಿಗೆ ಮಾತ್ರ."