ಉಡಿ ತುಂಬಿಸಿಕೊಂಡ ಶಾಸಕಿ

ಶಾಂತಕ್ಕನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ನರಗುಂದದ ನಮ್ಮ ಓಣಿಯಲ್ಲಿ ಆಕೆ ಗುಟ್ಟು ಹೇಳಿದರೆ ಬಸ್ ಸ್ಟ್ಯಾಂಡಿನವರಿಗೂ ಗೊತ್ತಾಗುತ್ತಿತ್ತು. ನನ್ನ ರೊಟ್ಟಿ ಕೇಂದ್ರಕ್ಕೆ ಬಂದು ಒಲೆಯ ಮುಂದೆ ಕೂತು, "ತಂಗಿ, ರೊಟ್ಟಿ ಇಷ್ಟ್ ದಪ್ಪ ಆದ್ರ ಮಂದಿ ಉಣ್ಣಾಕಲ್ಲ, ಮನಿ ಕಟ್ಟಾಕ ಒಯ್ತಾರ" ಎಂದು ಗಿರಾಕಿಗಳ ಎದುರಿಗೇ ಅನ್ನುತ್ತಿದ್ದಳು. ಸಿಟ್ಟು ಬರುತ್ತಿತ್ತು. ಆದರೆ ಒಂದು ದಿನ ಆಕೆ ಬರದಿದ್ದರೆ ನನಗೆ ಕೈ ಓಡುತ್ತಿರಲಿಲ್ಲ.

ಆಕೆಯ ಗಂಡ ಪಕ್ಷದ ಟಿಕೆಟ್ಟಿಗಾಗಿ ಓಡಾಡಿ ಓಡಾಡಿ, ಅದು ಸಿಗುವ ಹೊತ್ತಿಗೆ ಎದೆನೋವಿನಿಂದ ತೀರಿಕೊಂಡರು. ಪಕ್ಷದವರು ಶಾಂತಕ್ಕನನ್ನೇ ನಿಲ್ಲಿಸಿದರು. ಆಕೆಯನ್ನು ಯಾರೂ ಕೇಳಲಿಲ್ಲ. "ವೈನಿ, ನೀವು ಕೈ ಮುಗೀರಿ ಸಾಕು, ಮಾತು ನಾ ಆಡ್ತೀನಿ" ಎಂದ ಮೈದುನ ಮಲ್ಲನಗೌಡ. "ಈ ಮಂದ್ಯಾಗ ನನ್ನಾವ್ರು ಯಾರೂ ಇಲ್ಲ, ನೀನರ ಬಾ" ಎಂದು ಶಾಂತಕ್ಕ ಪ್ರಚಾರದ ಜೀಪಿಗೆ ನನ್ನನ್ನೂ ಹತ್ತಿಸಿಕೊಂಡಳು.

ಮಲಪ್ರಭೆ ದಂಡೆಯ ಮೆಣಸಗಿಯಲ್ಲಿ ನೀಲವ್ವ ಎಂಬ ಮುದುಕಿ ಮೊರ ಹಿಡಿದು ಬಂದು, "ಸೆರಗು ಒಡ್ಡವ್ವಾ" ಎಂದಳು. ತವರಿಗೆ ಬಂದ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಹಾಕಿ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಗಂಡ ಸತ್ತವರಿಗೆ ತುಂಬುವುದಿಲ್ಲ. ಶಾಂತಕ್ಕ ಹಿಂದೆ ಸರಿದಳು.

"ನನಗ ತುಂಬಬಾರ್ದು, ಯವ್ವಾ."

"ಇವತ್ತಿನಿಂದ ನೀ ನಮ್ಮೂರ ಮಗಳು. ನಮ್ಮ ಮಗಳಿಗೆ ನಾವು ತುಂಬ್ತೀವಿ, ಯಾರ್ ಕೇಳ್ತಾರ? ಹೊಳಿ ಬಂದಾಗೊಮ್ಮಿ ಓಡಿ ಓಡಿ ಸಾಕಾಗೇತಿ. ಎತ್ತರದಾಗ ಮನಿ ಮಾಡಿಸಿಕೊಡು, ಅಷ್ಟ."

ಜೀಪಿನಲ್ಲಿ ಶಾಂತಕ್ಕ ಸೆರಗಿನ ಗಂಟು ಬಿಡಲೇ ಇಲ್ಲ. "ಉಡಿ ತುಂಬಿಸ್ಕೊಂಡೀನಿ, ತಂಗಿ. ಇನ್ನ ಈ ಊರಿಗೆ ಇಲ್ಲ ಅನ್ನಾಕ ಬರೂದಿಲ್ಲ" ಎಂದಳು.

ಗೆದ್ದಳು. ಆಕೆಯ ಫೋನು ಮೈದುನನ ಕಿಸೆ ಸೇರಿತು. ವಿಧಾನಸಭೆಯಲ್ಲಿ ಏನು ಓದಬೇಕೆಂದು ಅವನೇ ಬರೆಸಿ ಕೊಡುತ್ತಿದ್ದ. ಮೆಣಸಗಿಯವರ ಮನೆಗಳಿಗೆ ಒಪ್ಪುವ ಎತ್ತರದ ಹೊಲ ಅವನ ಬೀಗರದು. ಅದರ ಮಾತೆತ್ತಿದರೆ, "ಅದೆಲ್ಲಾ ನಿಮಗ ತಿಳಿಯೂದಿಲ್ರಿ, ವೈನಿ" ಎನ್ನುತ್ತಿದ್ದ. ಒಂದು ಮಧ್ಯಾಹ್ನ ಆಕೆ ಹಿತ್ತಲ ಬಾಗಿಲಿನಿಂದ ನನ್ನಲ್ಲಿಗೆ ಬಂದು ಹಿಟ್ಟು ನಾದುತ್ತ ಕೂತಳು. ನಾನು ಬಗ್ಗಿ ಕೇಳಬೇಕಾಗುವಷ್ಟು ಮೆಲ್ಲಗೆ ಹೇಳಿದಳು: "ಮಂದಿ ಎಲ್ಲಾ ನನಗ ಅರ್ಜಿ ಕೊಡ್ತಾರ. ನಾ ಯಾರಿಗೆ ಕೊಡ್ಲಿ?"

ರಾಜೀನಾಮೆ ಬಿಸಾಕಿ ಬಾ ಎಂದೆ.

"ಬಂದು ಎಲ್ಲಿರ್ಲಿ? ಮನಿ ಅವನ ಹೆಸರಿಲೆ ಐತಿ. ಮಗಳ ಮದವಿನೂ ಅವನ ಮಾಡಬೇಕು." ಬೆರಳಿಗಂಟಿದ ಹಿಟ್ಟನ್ನು ತಿಕ್ಕಿ ತಿಕ್ಕಿ ತೆಗೆದಳು. ಆಕೆಯ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಈ ಮಳೆಗಾಲ ಮಲಪ್ರಭೆ ಮೆಣಸಗಿಯ ಮನೆಗಳಿಗೆ ನುಗ್ಗಿತು. ಜನ ಶಾಲೆಯೊಂದರಲ್ಲಿ ಉಳಿದಿದ್ದರು. ನಾನು ರೊಟ್ಟಿ ಒಯ್ದಿದ್ದೆ. ಶಾಂತಕ್ಕನ ಕಾರೂ ಬಂತು. ನೀಲವ್ವ ಬೈಯುತ್ತಾಳೆಂದು ಆಕೆ ತಲೆ ತಗ್ಗಿಸಿ ನಿಂತಳು. ಮುದುಕಿ ಬೈಯಲಿಲ್ಲ. "ಉಂಡೀಯೇನ, ಮಗಳ?" ಎಂದು ತನ್ನ ಪಾಲಿನ ರೊಟ್ಟಿ ಕೊಟ್ಟಳು. ಶಾಂತಕ್ಕ ತುತ್ತು ಮುರಿದು, "ಯವ್ವಾ, ಆ ಎತ್ತರದ ಹೊಲ..." ಎಂದು ಶುರು ಮಾಡಿದಳು.

"ವೈನಿ, ಲಗೂ ನಡೀರಿ" ಎಂದ, ಕಾರಿನ ಬಾಗಿಲು ತೆರೆದು ನಿಂತಿದ್ದ ಮಲ್ಲನಗೌಡ.

ಮುರಿದ ತುತ್ತನ್ನು ಕೈಯಲ್ಲೇ ಹಿಡಿದು ಆಕೆ ಕಾರು ಹತ್ತಿದಳು. ಆಮೇಲೆ ನಾನು ಆಕೆಯನ್ನು ಪೇಪರಿನ ಫೋಟೋದಲ್ಲಷ್ಟೇ ಕಂಡಿದ್ದೇನೆ.

ಕಾರು ತಿರುವು ದಾಟುವವರೆಗೆ ನೋಡುತ್ತ ನಿಂತಿದ್ದ ನೀಲವ್ವ ನನ್ನ ಕೈ ಹಿಡಿದು ಕೇಳಿದಳು: "ಅತ್ತಿ ಮನ್ಯಾಗ ನಮ್ಮ ಹುಡುಗಿಗೆ ಭಾಳ ಕಾಟ ಐತೇನವ್ವಾ?"