ನಡುಗಡ್ಡೆಗೆ ಹೋಗುವ ದಾರಿ

ಆ ಡ್ರೋನ್ ಕ್ಯಾಮೆರಾ ಒಂದು ಲಕ್ಷದ ಎಂಬತ್ತು ಸಾವಿರಕ್ಕೆ ಬಿತ್ತು. ಎರಡು ಲಕ್ಷದಿಂದ ಇಳಿಯುವುದಿಲ್ಲ ಎಂದಿದ್ದ ಬಳ್ಳಾರಿಯ ಅಂಗಡಿಯವನನ್ನು ಎರಡು ಚಹಾ ಕುಡಿಸಿ ಇಳಿಸಿದವನು ನಾನೇ. ಅಕ್ಕನ ಹಳೆಯ ಡ್ರೋನ್ ಹೊಳೆಗೆ ಬಿದ್ದು ಸಿನಿಮಾ ಅರ್ಧಕ್ಕೆ ನಿಂತಿತ್ತು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಕುರುಗೋಡಿನವರು. ಬೆಟ್ಟ, ಹೊಳೆಗಳನ್ನು ಆಕಾಶದಿಂದ ಚಿತ್ರಿಸಿ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ನಾನು ಹಳೆಯ ಗಾಡಿ ಕೊಂಡು ಮಾರುವವನು. ನನ್ನ ಜೀಪಿನಲ್ಲೇ ಸಿರುಗುಪ್ಪದ ಕಡೆಯೆಲ್ಲ ತಿರುಗಿದೆವು. ಕೆಂಚನಗುಡ್ಡದಿಂದ ಸ್ವಲ್ಪ ದೂರದಲ್ಲಿ ತುಂಗಭದ್ರೆಯ ಮರಳನ್ನು ಬಗೆದು ಒಯ್ದಿದ್ದರು. ಮೇಲಿನಿಂದ ನೋಡಿದರೆ ಹೊಳೆಯ ಮೈತುಂಬ ಗುಂಡಿ. ಉಳಿದಿದ್ದು ಒಂದೇ ನಡುಗಡ್ಡೆ. ಬೇಸಿಗೆಯಲ್ಲಿ ಹಕ್ಕಿಗಳು ಅದರ ಮರಳಿನ ಮೇಲೆಯೇ ಮೊಟ್ಟೆ ಇಡುತ್ತಿದ್ದವು. ಅದನ್ನು ಉಳಿಸಲೆಂದೇ ಅಕ್ಕ ಈ ಸಿನಿಮಾ ಮಾಡಿದ್ದು. ಅಲ್ಲಿಗೆ ಹೋಗಲು ಹೊಳೆಗೆ ಎಲ್ಲಿ ಇಳಿದರೂ ಗಾಡಿ ಹೂತುಹೋಗುತ್ತಿತ್ತು. ಗಟ್ಟಿ ತಳದ ಒಂದು ದಾರಿಯನ್ನು ನಾವಿಬ್ಬರೂ ನಾಲ್ಕು ದಿನ ಕೋಲು ಊರಿ ಹುಡುಕಿದ್ದೆವು.

ಸಿನಿಮಾ ಮುಗಿದ ಮೇಲೆ ಹೊಳೆದಂಡೆಯ ಊರಿನ ಶಾಲೆಯಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು.

"ಏ, ಅದು ನಮ್ಮ ಹೊಲ ಅಲ್ಲೇನ್ಲೇ?"

"ಬದು ನೋಡಲೇ ಮೊದ್ಲು! ನಮ್ಮ ಕಡೀಗೆ ಎರಡು ಮಾರು ಬಂದೈತಿ!"

ಪಂಚೆಯ ಮೇಲೆ ಹೊಳೆಯ ಗುಂಡಿಗಳು ಬಂದವು, ಹೋದವು. ಎಲ್ಲರೂ ತಮ್ಮ ತಮ್ಮ ಮಾಳಿಗೆ ಹುಡುಕುತ್ತಿದ್ದರು.

ಕೊನೆಗೆ ಒಬ್ಬ ನನ್ನ ಬಳಿ ಬಂದ. "ನಡುಗಡ್ಡಿ ಭಾರಿ ಐತಿ ಬಿಡ್ರಿ ಅಣ್ಣಾರ. ಅಲ್ಲಿಗೆ ಗಾಡಿ ಹೋಗಾಕ ದಾರಿ ಐತೇನ್ರಿ?"

ಕೇಳಿದವರಿಗೆ ಹೇಳದೆ ಇರುವುದು ನನ್ನಿಂದ ಆಗದು. "ನನ್ನ ಜೀಪು ಹೋಗೈತಂದ್ರ ಟ್ರ್ಯಾಕ್ಟರ್ ಹೋಗಂಗಿಲ್ಲೇನು? ಹಳೇ ಪಂಪ್‌ಹೌಸಿನ ಎಡಕ್ಕ ಇಳೀರಿ, ತಳ ಗಟ್ಟಿ ಐತಿ," ಎಂದೆ. ಹಕ್ಕಿ ನೋಡಲು ಹೋಗುತ್ತಾನೆ ಅಂದುಕೊಂಡಿದ್ದೆ ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಸುಳ್ಳು. ಏನೂ ಅಂದುಕೊಂಡಿರಲಿಲ್ಲ.

ಹದಿನೈದು ದಿನದಲ್ಲಿ ನಡುಗಡ್ಡೆ ಇಲ್ಲವಾಯಿತು. ಅಕ್ಕ ಮತ್ತೊಮ್ಮೆ ಡ್ರೋನ್ ಹಾರಿಸಿದರು. ಟ್ರ್ಯಾಕ್ಟರ್ ಗಾಲಿಯ ಗೆರೆಗಳು ಪಂಪ್‌ಹೌಸಿನ ಎಡಕ್ಕೇ ಇಳಿದಿದ್ದವು.

"ಈ ದಾರಿ ನಮ್ಮಿಬ್ಬರನ್ನ ಬಿಟ್ರ ಯಾರಿಗೂ ಗೊತ್ತಿರಲಿಲ್ಲಲ್ಲೋ ತಮ್ಮಾ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ಕ್ಯಾಮೆರಾ ಮುಟ್ಟಲಿಲ್ಲ. ಹೋದ ವರ್ಷ ತೀರಿಕೊಂಡರು. ಅವರ ಸಿನಿಮಾ ಈಗಲೂ ಮೊಬೈಲಿಂದ ಮೊಬೈಲಿಗೆ ಓಡಾಡುತ್ತದೆ, ಹೊಲದ ಬದುವಿನ ಜಗಳಕ್ಕೆ ಸಾಕ್ಷಿಯಾಗಿ.

ನೀವು ಇಂಥ ಚಿತ್ರ ಮಾಡುವುದಾದರೆ, ಮೊದಲು ಊರವರಿಗೆ ಅವರ ಹೊಲಮನೆಗಳನ್ನೇ ತೋರಿಸಿ ಮುಗಿಸಿ. ಕಣ್ಣು ತಣಿದ ಮೇಲೆ ಹೊಳೆ ತೋರಿಸಿ. ದಾರಿ ಕೇಳಿದವನನ್ನು ಯಾತಕ್ಕೆಂದು ಕೇಳಿ. ಜೊತೆಗೆ ನನ್ನಂಥವನಿದ್ದರೆ, ಗಾಡಿಯಲ್ಲೇ ಕೂರಿಸಿ ಬನ್ನಿ.