ಬೆಳಗಾವಿಯಲ್ಲಿ ಚಾಲೂ, ಬೀಡಿಯಲ್ಲಿ ಬಂದ್

ಎರಡು ವರ್ಷದ ಹಿಂದಿನ ಖಂಡೇನವಮಿ. ಖಾನಾಪುರ ತಾಲೂಕಿನ ಬೀಡಿಯಲ್ಲಿರುವ ನಮ್ಮ ಮನೆಯಲ್ಲಿ ಆ ದಿನ ಕುಡಗೋಲು, ಸಲಿಕೆ, ಅಪ್ಪನ ಔಷಧಿ ಹೊಡೆಯುವ ಪಂಪು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಪೂಜೆಗೆ ಇಟ್ಟ ಸಾಮಾನನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಆ ಸಾಲಿನ ಕೊನೆಗೆ ನನ್ನ ಹಳೆಯ ಕಂಪ್ಯೂಟರೂ ಕುಳಿತಿತ್ತು. ಅವ್ವ ಅದಕ್ಕೂ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಅಕ್ಕಿಕಾಳು ಹಾಕಿ ಕೈಮುಗಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹೊಲದ ಕೆಲಸದ ನಡುವೆ ಓದಿ, ಖಾನಾಪುರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಮುಗಿಸಿದ್ದು. ಹಾಗಾಗಿ ಅವ್ವನ ಪಾಲಿಗೆ ಕುಡಗೋಲು ಅಪ್ಪನ ಆಯುಧವಾದರೆ ಕಂಪ್ಯೂಟರ್ ನನ್ನ ಆಯುಧ.

ಮುಂದಿನ ಸೋಮವಾರ ಬೆಳಗಾವಿಯ ಒಂದು ಶಾಲೆಯಲ್ಲಿ ನಾನು ಮಾದರಿ ಪಾಠ ಮಾಡಬೇಕಿತ್ತು. ಚೆನ್ನಾಗಿ ಮಾಡಿದರೆ ವಿಜ್ಞಾನ ಶಿಕ್ಷಕಿಯ ಕೆಲಸ. ಪಾಠ, ಬೀಜ ಮೊಳಕೆಯೊಡೆಯುವುದು. ನಮ್ಮದೇ ಭತ್ತದ ಕಾಳನ್ನು ನೆನೆಹಾಕಿ, ದಿನಾ ಅದರ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದೊಂದೇ ಚಿತ್ರ ಜೋಡಿಸಿದ್ದೆ. ನಡುವೆ ಮೊಬೈಲ್ ಕೆಟ್ಟುಹೋಗಿ ಫೋಟೋಗಳು ಅದರ ಜೊತೆಗೇ ಹೋಗಿದ್ದವು. ಉಳಿದದ್ದು ಕಂಪ್ಯೂಟರಿನಲ್ಲಿ ಮಾತ್ರ.

ದಸರೆಯ ದಿನ, ಶುಕ್ರವಾರ ಬೆಳಿಗ್ಗೆ ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು. ಆದರೆ ಎಂದಿನ ಪರದೆ ಬರಲಿಲ್ಲ. ನೀಲಿ ಬಣ್ಣದ ಒಂದು ಪುಟ ಬಂದು ನಿಂತಿತು. ಅದರಲ್ಲಿ ತಾರೀಖು, ಸಮಯ, ಮತ್ತೆ ಏನೇನೋ ಇಂಗ್ಲಿಷ್ ಹೆಸರು. ಓದಲು ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಆ ಪುಟದಿಂದ ಹೊರಗೆ ಬಂದೆ. ಕಂಪ್ಯೂಟರ್ ಮತ್ತೆ ಶುರುವಾಗಿ ಅದೇ ನೀಲಿ ಪುಟಕ್ಕೆ ಬಂದು ನಿಂತಿತು. ವೈರು ಬಿಚ್ಚಿ ಹಾಕಿದೆ. ಮತ್ತೆ ಅದೇ.

ಮರುದಿನ ಸಿಪಿಯು ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೆಳಗಾವಿಗೆ ಹೋದೆ. ಬಾಜು ಕುಳಿತಿದ್ದ ಅಜ್ಜಿ ಕೂಸೆಂದು ತಿಳಿದು, ಮುಖ ಮುಚ್ಚಬೇಡ, ಗಾಳಿ ಆಡಲಿ ಎಂದಳು. ಅಲ್ಲಿನ ಶಹಾಪುರದ ಕಂಪ್ಯೂಟರ್ ರಿಪೇರಿ ಅಂಗಡಿಯವರು ಡಬ್ಬಿಯನ್ನು ತಮ್ಮ ಟೇಬಲ್ಲಿನ ಮೇಲಿಟ್ಟು, ಅಲ್ಲಿದ್ದ ಪರದೆಗೂ ಕೀಬೋರ್ಡಿಗೂ ಜೋಡಿಸಿ ಬಟನ್ ಒತ್ತಿದರು. ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು! ಪರದೆಯ ಮೇಲೆ ನಾನು ಹಾಕಿಕೊಂಡಿದ್ದ ಚಿತ್ರ ಬಂತು. ನನ್ನ ಘಟಿಕೋತ್ಸವದ ಕರಿ ಗೌನನ್ನು ಅವ್ವನಿಗೆ ತೊಡಿಸಿ ತೆಗೆದ ಫೋಟೋ ಅದು.

"ಇವರದೂ ಡಿಗ್ರಿ ಆಗೈತೇನ್ರಿ?" ಎಂದು ಕೇಳಿದರು.

"ಹೂಂ ರೀ, ನನಗಿಂತ ಮೊದಲs ಆಗೈತಿ" ಅಂದೆ.

ಎರಡು ಮೂರು ಸಲ ಬಂದ್ ಮಾಡಿ ಚಾಲೂ ಮಾಡಿ ನೋಡಿದರು. "ಅಕ್ಕಾರ, ಇದಕ ಏನೂ ಆಗಿಲ್ರಿ. ಒಯ್ರಿ" ಎಂದರು. ಆಗಲೇ ಪಾಠವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಬಹುದಿತ್ತು. ಆ ಖುಷಿಯಲ್ಲಿ ನನಗೆ ಹೊಳೆಯಲೇ ಇಲ್ಲ.

ಬೀಡಿಗೆ ಬಂದು ಜೋಡಿಸಿದೆ. ನೀಲಿ ಪುಟ.

ಏನು ತಿಳಿಯಬೇಕು? ಬಸ್ಸಿನ ಕುಲುಕಾಟಕ್ಕೆ ಏನಾದರೂ ಸಡಿಲಾಯಿತೇ? ನಮ್ಮೂರ ಕರೆಂಟಿನ ದೋಷವೇ? ಭಾನುವಾರ ಬೆಳಿಗ್ಗೆ ಎಕ್ಸ್‌ಟೆನ್ಷನ್ ಬೋರ್ಡು ಬದಲಿಸಿದೆ, ಬಾಜು ಮನೆಯಿಂದ ವೈರು ಎಳೆದು ನೋಡಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು, "ತವರಮನಿಗೆ ಹೋದ್ರ ನಕ್ಕೋತ ಇರ್ತೈತಿ, ಗಂಡನ ಮನಿಗೆ ಬಂದ್ರ ಮಾರಿ ಉಬ್ಬಿಸ್ತೈತಿ" ಎಂದ. ನಗು ಬರಲಿಲ್ಲ. ಅಂಗಡಿಗೆ ರಜೆ. ಬೆಳಗಾದರೆ ಸೋಮವಾರ.

ಅವ್ವ ಬೆಳಿಗ್ಗೆಯಿಂದ ಊಟಕ್ಕೂ ಕುಳಿತಿರಲಿಲ್ಲ. ಮೆಲ್ಲಗೆ ಬಂದು ಕೇಳಿದಳು.

"ನಾ ಪೂಜಿ ಮಾಡಿದ್ದಕ್ಕs ಹಿಂಗಾತೇನವ್ವಾ? ಮೈಲಿಗಿ ಕೈಲೆ ಮುಟ್ಟಿದ್ನೋ ಏನೋ."

"ಪೂಜಿ ಮಾಡಿದ್ರ ಕಂಪ್ಯೂಟರ್ ಕೆಡೂದಿಲ್ಲಬೇ. ತಿಳೀಲಾರದ್ದು ಮಾತಾಡಬ್ಯಾಡ" ಎಂದೆ. ದನಿ ಸ್ವಲ್ಪ ಏರಿತ್ತು.

ಅವಳು ಒಳಗೆ ಹೋದಳು. ಸೆರಗು ಒದ್ದೆ ಮಾಡಿಕೊಂಡು ಬಂದು ಪರದೆಯ ಮೇಲಿನ ವಿಭೂತಿ ಒರೆಸಿದಳು, ಡಬ್ಬಿ ಒರೆಸಿದಳು. ಕೀಬೋರ್ಡನ್ನು ಎತ್ತಿ ಬೋರಲು ಹಾಕಿ ತಟ್ಟಿದಳು. ನಾಲ್ಕಾರು ಅಕ್ಕಿಕಾಳು ಉದುರಿದವು. ಒಂದು ಉದುರಲಿಲ್ಲ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಅದನ್ನು ಮೀಟಿದಳು. ಟಕ್ ಎಂದಿತು. ನಾನು ತಲೆ ಹಿಡಿದುಕೊಂಡು ಕುಳಿತಿದ್ದೆ. ಅದರ ಕಡೆ ಗಮನವೇ ಕೊಡಲಿಲ್ಲ.

"ಈಗ ಹಚ್ಚು" ಎಂದಳು.

ಅವಳ ಸಮಾಧಾನಕ್ಕೆಂದು ಒತ್ತಿದೆ. ಕರಿ ಗೌನು ತೊಟ್ಟ ಅವ್ವ ಪರದೆಯ ಮೇಲೆ ಬಂದಳು.

ಅವಳು ಕೆನ್ನೆ ಬಡಿದುಕೊಂಡು, ದೇವರ ಸಿಟ್ಟು ಇಳಿಯಿತು ಎಂದಳು. ನಾನು ಮೊದಲು ಪಾಠವನ್ನು ಪೆನ್‌ಡ್ರೈವಿಗೆ ಹಾಕಿದೆ. ಆಮೇಲೆ ಅವ್ವ ಪಿನ್ನು ಹಾಕಿದ್ದು ಎಲ್ಲಿ ಎಂದು ಕೇಳಿದೆ. ತೋರಿಸಿದಳು. ಡಿಲೀಟ್ ಬಟನ್. ಕಂಪ್ಯೂಟರ್ ಬಂದ್ ಮಾಡಿ, ಅದೇ ಬಟನ್ ಅದುಮಿ ಹಿಡಿದುಕೊಂಡು ಚಾಲೂ ಮಾಡಿದೆ. ನೀಲಿ ಪುಟ ಬಂತು. ಬಿಟ್ಟು ಚಾಲೂ ಮಾಡಿದೆ. ಅವ್ವ ಬಂದಳು. ಅಂದರೆ ಪೂಜೆಯ ಒಂದು ಕಾಳು ಸಂದಿಗೆ ಸಿಕ್ಕಿ ಆ ಬಟನ್ನನ್ನು ಒತ್ತಿ ಹಿಡಿದಿತ್ತು. ನಾನು ಬೆಳಗಾವಿಗೆ ಒಯ್ದದ್ದು ಡಬ್ಬಿಯನ್ನು. ಕಾಳು ಮನೆಯಲ್ಲಿ, ಕೀಬೋರ್ಡಿನಲ್ಲೇ ಕುಳಿತಿತ್ತು.

ಎಲ್ಲ ಕೇಳಿಸಿಕೊಂಡ ಅಪ್ಪ, "ಹೊಲ ಸಾಲ್ಲಿಲ್ಲ ನೋಡು, ಕಂಪ್ಯೂಟರಿನ್ಯಾಗೂ ಬಿತ್ಯಾಳ" ಎಂದ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಊಟಕ್ಕೆ ಕುಳಿತಳು.

ಸೋಮವಾರ ಪಾಠ ಮಾಡಿದೆ. ಈಗ ಅದೇ ಶಾಲೆಯಲ್ಲಿ ಇದ್ದೇನೆ. ಆದರೆ ಅಂದಿನ ಗೊಂದಲ ಪೂರ್ತಿ ಹೋಗಿಲ್ಲ. ಓದಿದವಳಾದ ನಾನು ಪೂಜೆಯಿಂದ ಕಂಪ್ಯೂಟರ್ ಕೆಡುವುದಿಲ್ಲ ಎಂದು ಗದರಿದ್ದೆ, ಅದು ನಿಂತದ್ದು ಪೂಜೆಯ ಕಾಳಿನಿಂದಲೇ. ತನ್ನಿಂದಲೇ ಕೆಟ್ಟಿತು ಎಂದು ಅವ್ವ ಹೆದರಿದ್ದಳು, ಸರಿಯಾದದ್ದೂ ಅವಳ ಕೈಯಿಂದಲೇ. ಯಾರ ಮಾತು ಖರೇ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಹೇಳಲು ತೊಡರುತ್ತೇನೆ.

ಮರುವರ್ಷದ ಖಂಡೇನವಮಿಗೆ ಅವ್ವ ಕಂಪ್ಯೂಟರಿನ ಮುಂದೆ ಕಾಳು ಹಿಡಿದು ಸ್ವಲ್ಪ ಹೊತ್ತು ನಿಂತಳು. ಹಾಕಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದಳು. ಕಡೆಗೆ ಮುಷ್ಟಿ ಬಿಚ್ಚಿ ಅಷ್ಟೂ ಕಾಳನ್ನು ನನ್ನ ತಲೆಯ ಮೇಲೆ ಹಾಕಿದಳು.